ಸಹಾಯ ಬೇಕು: ಲ್ಯಾಪ್‌ಟಾಪ್ ಕೀಬೋರ್ಡನ್ನು ಮನೆಯಲ್ಲೇ ಬದಲಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನನ್ನ ಅಜಾಗರೂಕತೆಯಿಂದ ಲ್ಯಾಪ್‌ಟಾಪ್ ಮೇಲೆ ಕಾಫಿ ಚೆಲ್ಲಿತು (ಸಕ್ಕರೆ ಬೇರೆ ಧಾರಾಳವಾಗಿತ್ತು). ಈಗ ಎಡಭಾಗದ ಕೆಲವು ಕೀಗಳು ಕೆಲಸ ಮಾಡುತ್ತಿಲ್ಲ. ಯುಎಸ್‌ಬಿ ಕೀಬೋರ್ಡ್ ಜೋಡಿಸಿದರೆ ತೊಂದರೆಯಿಲ್ಲದಿರುವುದರಿಂದ ದೋಷ ಕೀಬೋರ್ಡಿನಲ್ಲೇ ಇದೆಯೆಂದು ಭಾವಿಸಿದ್ದೇನೆ. ತಳದ ಕವರ್ ತೆರೆದು, ಬ್ಯಾಟರಿಯ ಕನೆಕ್ಟರ್ ಕಳಚಿ ನೋಡಿದಾಗ, ಕೀಬೋರ್ಡನ್ನು ಸ್ಕ್ರೂಗಳ ಬದಲು ಕರಗಿಸಿ ಒತ್ತಿದ ಹತ್ತಾರು ಪ್ಲಾಸ್ಟಿಕ್ ರಿವೆಟ್‌ಗಳಿಂದ ಮೇಲಿನ ಕವರಿಗೆ ಕೂಡಿಸಿರುವುದು ಕಂಡಿತು. ಅವುಗಳ ತಲೆಯನ್ನು ಕತ್ತರಿಸಿ, ಹೊಸ ಕೀಬೋರ್ಡನ್ನು ಸೋಲ್ಡರಿಂಗ್ ಐರನ್‌ನ ಬಿಸಿಯಿಂದ ಕೂರಿಸಿದರೆ, ಟೈಪ್ ಮಾಡುವಾಗ ಮಧ್ಯದಲ್ಲಿ ತಗ್ಗದಂತೆ ಗಟ್ಟಿಯಾಗಿ ನಿಲ್ಲುತ್ತದೆಯೇ, ಅಥವಾ ದುಬಾರಿಯಾದರೂ ಕೀಬೋರ್ಡ್ ಸಮೇತ ಮೇಲಿನ ಕವರನ್ನೇ ಕೊಳ್ಳುವುದು ಲೇಸೇ? ಕೀಬೋರ್ಡನ್ನು ಮದರ್‌ಬೋರ್ಡಿಗೆ ಜೋಡಿಸುವ ಚಪ್ಪಟೆ ರಿಬ್ಬನ್ ಕೇಬಲ್ಲಿನ ಪುಟ್ಟ ಲಾಕನ್ನು ಮುರಿಯದೆ ಎತ್ತುವ ಬಗೆಯನ್ನೂ, ಸ್ವತಃ ಮಾಡಿ ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.