ಮಾವಿನ ಸಿಪ್ಪೆಯ ಫಿಲ್ಮ್ ಬೆಳಿಗ್ಗೆ ಅಷ್ಟರಲ್ಲಿ ಅಂಟಂಟು, ದಯವಿಟ್ಟು ಸಹಾಯ ಮಾಡಿ

ಸಿಪ್ಪೆ_ಮಂಡ್ಯ:
ತೋತಾಪುರಿ ಸಿಪ್ಪೆಯಿಂದ ಪೆಕ್ಟಿನ್ (ಜಾಮ್ ಗಟ್ಟಿಯಾಗಿಸುವ ಹಣ್ಣಿನ ನಾರು) ತೆಗೆದು ತೆಳು ಹಾಳೆಯಂಥ ಫಿಲ್ಮ್ ಮಾಡುತ್ತಿದ್ದೇನೆ. ಚಟ್ನಿಪುಡಿ ಪ್ಯಾಕೆಟ್‌ಗೆ ಬೇಕು. ಸಂಜೆ ಗಾಜಿನಿಂದ ಎಬ್ಬಿಸಿದಾಗ ತುಂಬಾ ಚೆನ್ನಾಗಿರುತ್ತದೆ, ತೆಳು ಹಳದಿ, ಪೇಪರಿನ ಮೇಲಿಟ್ಟರೆ ಕೆಳಗಿನ ಅಕ್ಷರ ಓದಬಹುದು. ಬೆಳಿಗ್ಗೆ ನೋಡಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸೋಕೇ ಆಗುವುದಿಲ್ಲ. ಮಾವಿನ ಕಾಲ ಮುಗಿಯುತ್ತಾ ಬಂತು, ಸಿಪ್ಪೆ ಇನ್ನು ಸಿಗುವುದಿಲ್ಲ. ಫಿಲ್ಮ್ ಒಡೆಯದೆ ಬಾಗಲಿ ಅಂತ ಹಾಕುವ ಗ್ಲಿಸರಾಲ್ ಸರಿಯಾಗಿಯೇ ಹಾಕಿದ್ದೇನೆ. ಮಿಕ್ಕಿದ್ದೆಲ್ಲ ಎಲ್ಲರೂ ಮಾಡುವ ಹಾಗೆಯೇ.

ಒಂಟಿಕೊಪ್ಪಲ್_ಬೀಕರ್:
ಗ್ಲಿಸರಾಲ್ ಜಾಸ್ತಿ. ಬೇರೆ ಏನೂ ಅಲ್ಲ. ಸರಿಯಾಗಿ ಅಂದರೆ ಎಷ್ಟು?

ಸಿಪ್ಪೆ_ಮಂಡ್ಯ:
100 ಎಂಎಲ್ ನೀರಿಗೆ 3 ಗ್ರಾಂ ಪೆಕ್ಟಿನ್, 0.9 ಗ್ರಾಂ ಗ್ಲಿಸರಾಲ್. ಪೆಕ್ಟಿನ್ ತೂಕದ 30% ಆಯಿತು. ಅದು ಜಾಸ್ತಿ ಅಲ್ವಲ್ಲ?

ಒಂಟಿಕೊಪ್ಪಲ್_ಬೀಕರ್:
ಮಳೆಗಾಲಕ್ಕೆ ಜಾಸ್ತಿಯೇ. ಗ್ಲಿಸರಾಲ್ ಗಾಳಿಯಿಂದ ನೀರು ಎಳೆಯುತ್ತದೆ. 20ಕ್ಕೆ ಇಳಿಸಿ.

ಸಿಪ್ಪೆ_ಮಂಡ್ಯ:
ಇಳಿಸಿದೆ. ಈಗ ಎಬ್ಬಿಸುವಾಗಲೇ ಅಂಚು ಒಡೆಯುತ್ತದೆ, ಬೆಳಿಗ್ಗೆ ಅಂಟೂ ಅಂಟುತ್ತದೆ. ಎರಡೂ ಕಷ್ಟ ಒಟ್ಟಿಗೆ.

ಒಂಟಿಕೊಪ್ಪಲ್_ಬೀಕರ್:
ಹಾಗಾದರೆ ನಿಮ್ಮ ತಕ್ಕಡಿ ಸರಿ ಇಲ್ಲ. ಅಡುಗೆಮನೆ ತಕ್ಕಡಿಯಲ್ಲಿ 0.9 ಗ್ರಾಂ ಸಿಗುವುದಿಲ್ಲ. 15ಕ್ಕೆ ಇಳಿಸಿ ನೋಡಿ.

ಮೇಟಗಳ್ಳಿ_ಡ್ರೈಯರ್:
ಒಣಗಿಸುವುದು ಸಾಲದು ಅಷ್ಟೇ. ನಾನು ಹಳೇ ಫ್ರಿಡ್ಜ್ ಒಂದನ್ನು ಡ್ರೈಯರ್ ಮಾಡಿಕೊಂಡಿದ್ದೇನೆ. ಒಳಗೆ ಎರಡು ಬಲ್ಬು, ಕಂಪ್ಯೂಟರ್ ಫ್ಯಾನು, ಥರ್ಮೋಸ್ಟಾಟ್, ಕೆಳಗೆ ಸಿಲಿಕಾ ಜೆಲ್. 40 ಡಿಗ್ರಿ ಒಂದು ಚೂರೂ ಅಲುಗಾಡುವುದಿಲ್ಲ. ಟ್ರೇಗಳಿಗೆ ಟೆಫ್ಲಾನ್ ಹಾಳೆ, ಮಟ್ಟ ನೋಡೋಕೆ ಗಾರೆ ಕೆಲಸದ ರಸಮಟ್ಟ. ಬಾಳೆಸಿಪ್ಪೆ, ಪಪ್ಪಾಯಿ ಸಿಪ್ಪೆ ಎಲ್ಲ ಅದರಲ್ಲೇ.

ಎಲೆಊಟ:
ಬಾಳೆ ಎಲೆ, ಮುತ್ತುಗದ ಎಲೆ ಇರುವಾಗ ಇಷ್ಟೆಲ್ಲ ಯಾಕೆ?

ಸಿಪ್ಪೆ_ಮಂಡ್ಯ:
ಪುಡಿಯನ್ನು ಎಲೆಯಲ್ಲಿ ಸೀಲ್ ಮಾಡಿ ತಿಂಗಳುಗಟ್ಟಲೆ ಇಡೋಕೆ ಆಗುತ್ತಾ? ಜ್ಯೂಸ್ ಅಂಗಡಿ ಹಿಂದೆ ರಾಶಿ ಸಿಪ್ಪೆ ಕೊಳೆಯುವುದನ್ನು ನೋಡಿ ಶುರು ಮಾಡಿದ್ದು. ದಯವಿಟ್ಟು ವಿಷಯಕ್ಕೆ ಬನ್ನಿ.

ಎಲೆಊಟ:
ಮಾರುವ ಮುಂಚೆ ಸರ್ಟಿಫಿಕೇಟ್ ವಿಷಯವೂ ನೋಡಿ. ಕಂಪೋಸ್ಟಬಲ್ ಪ್ಲಾಸ್ಟಿಕ್‌ಗೆ ಐಎಸ್ 17088 ಅನ್ನುವ ಭಾರತೀಯ ಮಾನದಂಡದ ಪರೀಕ್ಷೆ ಆಗಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ಟಿಫಿಕೇಟ್ ಬೇಕು.

ಒಂಟಿಕೊಪ್ಪಲ್_ಬೀಕರ್:
ಇದು ಪೆಕ್ಟಿನ್ ಸ್ವಾಮಿ, ಪ್ಲಾಸ್ಟಿಕ್ ಅಲ್ಲ.

ಎಲೆಊಟ:
ಹೊದಿಕೆ ನೋಡಿದವರಿಗೆ ಅದು ಗೊತ್ತಾಗುತ್ತಾ? ಸರ್ಟಿಫಿಕೇಟ್ ಬೇಕೇ ಬೇಕು.

ಕುವೆಂಪುನಗರ_ಕೆಮಿಸ್ಟ್ರಿ:
ಈ ಜಗಳ ಆಮೇಲೆ. ಸಿಪ್ಪೆ ಅವರೇ, ಮೂರು ವಿಷಯ ಹೇಳಿ. ಸಿಪ್ಪೆ ತೊಳೆದಿರಾ? ಸ್ಪಿರಿಟ್‌ನಲ್ಲಿ ಇಳಿಸಿದ ಪೆಕ್ಟಿನ್ ಅನ್ನು ಮತ್ತೆ ತೊಳೆದಿರಾ? ಫಿಲ್ಮ್ ಮಾಡಿದ ಮೇಲೆ ಬೇರೆ ಏನಾದರೂ ಹಾಕುತ್ತೀರಾ?

ಸಿಪ್ಪೆ_ಮಂಡ್ಯ:
ಸಿಪ್ಪೆಯ ಮಣ್ಣು ತೊಳೆಯುತ್ತೇನೆ. ಸಿಟ್ರಿಕ್ ಆಸಿಡ್ ಹಾಕಿ ಪಿಎಚ್ 2ಕ್ಕೆ ತಂದು, 85 ಡಿಗ್ರಿಯಲ್ಲಿ ಒಂದು ಗಂಟೆ ಬೇಯಿಸಿ, ಬಟ್ಟೆಯಲ್ಲಿ ಸೋಸಿ, ಎರಡರಷ್ಟು ಸ್ಪಿರಿಟ್. ಆಗ ಪೆಕ್ಟಿನ್ ಉಂಡೆ ಕಟ್ಟುತ್ತದೆ, ಅದನ್ನು ಹಿಂಡಿ ಒಣಗಿಸುತ್ತೇನೆ. ಕೊನೆಯಲ್ಲಿ ನೀರಿಗೆ ತಡೆಯಲಿ ಅಂತ 5% ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಅದ್ದಿ ಒಣಗಿಸುವುದು. ಅದು ಎಲ್ಲರೂ ಮಾಡುವುದೇ ಅಲ್ವಾ?

ಕುವೆಂಪುನಗರ_ಕೆಮಿಸ್ಟ್ರಿ:
ಸಿಕ್ಕಿತು. ಕ್ಯಾಲ್ಸಿಯಂ ಕ್ಲೋರೈಡ್ ಅಂದರೆ ತೇವ ಹೀರುವ ಉಪ್ಪು. ಗಾಳಿಯಲ್ಲಿ 30% ತೇವ ಇದ್ದರೂ ಸಾಕು, ತಾನೇ ನೀರು ಕುಡಿದು ಕರಗುತ್ತದೆ. ಮಳೆಗಾಲದ ರಾತ್ರಿಯಲ್ಲಿ ಕೇಳಬೇಕಾ? ಇನ್ನೊಂದು ವಿಷಯ. ಆಸಿಡ್‌ನಲ್ಲಿ ಬೇಯಿಸಿ ತೆಗೆದ ಮಾವಿನ ಪೆಕ್ಟಿನ್ ಸಾಮಾನ್ಯವಾಗಿ ಹೈ ಮೆಥಾಕ್ಸಿಲ್, ಅಂದರೆ ಅದರ ಸರಪಳಿಯಲ್ಲಿ ಮೆಥೈಲ್ ಗುಂಪುಗಳು ಜಾಸ್ತಿ. ಕ್ಯಾಲ್ಸಿಯಂ ಹಿಡಿದುಕೊಳ್ಳುವುದು ಅವು ಕಡಿಮೆ ಇರುವ ಲೋ ಮೆಥಾಕ್ಸಿಲ್ ಪೆಕ್ಟಿನ್ನನ್ನು. ಹಾಗಾಗಿ ನಿಮ್ಮ ಉಪ್ಪಿನ ಬಹುಪಾಲು ಬಂಧ ಕಟ್ಟದೆ ಸುಮ್ನೆ ಮೇಲೆ ಕೂತಿರುತ್ತದೆ. ಜೊತೆಗೆ ಹಣ್ಣಿನ ಸಕ್ಕರೆಯೂ ಉಂಡೆಯೊಳಗೆ ಉಳಿದಿರುತ್ತದೆ, ಅದೂ ತೇವ ಎಳೆಯುತ್ತದೆ. ಅದಕ್ಕೆ ಉಂಡೆಯನ್ನು 70% ಆಲ್ಕೋಹಾಲ್‌ನಲ್ಲಿ ಕಲಸಿ, ಹಿಂಡಿ, ಮತ್ತೆ ತೊಳೆಯಬೇಕು. ಅಂದ ಹಾಗೆ, ಆಹಾರಕ್ಕೆ ಅಂತಾದರೆ ಡಿನೇಚರ್ಡ್ (ಕುಡಿಯಬಾರದು ಅಂತ ಬೇರೆ ಏನೋ ಬೆರೆಸಿದ) ಸ್ಪಿರಿಟ್ ಬೇಡವೇ ಬೇಡ, ಅದರಲ್ಲಿ ಮೆಥನಾಲ್ ಇರಬಹುದು. ಬಲ್ಬು ಉರಿಯುವ ಪೆಟ್ಟಿಗೆಯೊಳಗೆ ಸ್ಪಿರಿಟ್ ಇರುವ ಉಂಡೆಯನ್ನೂ ಇಡಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಮೇಟಗಳ್ಳಿಯವರೂ ಇದನ್ನು ನೋಡಿಕೊಳ್ಳಿ.

ಪರೀಕ್ಷೆ ಹೀಗೆ ಮಾಡಿ. ಮುಚ್ಚಳದ ಡಬ್ಬಿಯಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪ ನೀರು ಹಾಕಿ ಒದ್ದೆ ಮುದ್ದೆ ಮಾಡಿಡಿ, ಒಳಗೆ ತೇವ 75% ಹತ್ತಿರ ನಿಲ್ಲುತ್ತದೆ. ಉಪ್ಪಿಗೆ ತಾಗದ ಹಾಗೆ ಮೂರು ಪಟ್ಟಿ ಇಡಿ. ಒಂದಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಬೇಡ, ಒಂದಕ್ಕೆ ಗ್ಲಿಸರಾಲ್ ಬೇಡ, ಇನ್ನೊಂದರಲ್ಲಿ ಎರಡೂ ಇರಲಿ.

ಒಂಟಿಕೊಪ್ಪಲ್_ಬೀಕರ್:
ಏನೇ ಆಗಲಿ ಗ್ಲಿಸರಾಲ್ ಒಂದು ಕಾರಣ. ಬರೆದಿಟ್ಟುಕೊಳ್ಳಿ.

ಸಿಪ್ಪೆ_ಮಂಡ್ಯ:
ಪಟ್ಟಿ ಇಟ್ಟು ನೋಡಿದೆ. ಕ್ಯಾಲ್ಸಿಯಂ ಕ್ಲೋರೈಡ್ ಇಲ್ಲದ್ದು ಮೆತ್ತಗಾಯಿತು, ಬೆರಳಿಗೆ ಅಂಟಲಿಲ್ಲ. ಗ್ಲಿಸರಾಲ್ ಇಲ್ಲದ್ದರಲ್ಲಿ ಹನಿ ಹನಿ ನೀರು ಕೂತಿತ್ತು. ಮೂರನೆಯದು ಡಬ್ಬಿಗೇ ಅಂಟಿತು. ತುಂಬಾ ಥ್ಯಾಂಕ್ಸ್. ಆದರೆ ಕ್ಯಾಲ್ಸಿಯಂ ಬಿಟ್ಟರೆ ನೀರಿನ ಹನಿ ಬಿದ್ದ ಕಡೆ ಫಿಲ್ಮ್ ಕರಗಿ ತೂತು ಬೀಳುತ್ತದೆ. ಅದಕ್ಕೇನು ಮಾಡಲಿ?

ಕುವೆಂಪುನಗರ_ಕೆಮಿಸ್ಟ್ರಿ:
ಒಳಗೆ ಒಣ ಪುಡಿ ತಾನೇ? ಹೊರಗಡೆ ತೆಳುವಾಗಿ ಜೇನುಮೇಣ ಸವರಿ ನೋಡಿ. ಕ್ಯಾಲ್ಸಿಯಂ ಬೇಕೇ ಬೇಕು ಅಂದರೆ ಮೊದಲು ಪೆಕ್ಟಿನ್ನನ್ನು ತಣ್ಣಗೆ ಇಟ್ಟು ಕ್ಷಾರದಲ್ಲಿ ಲೋ ಮೆಥಾಕ್ಸಿಲ್ ಮಾಡಿಕೊಳ್ಳಬೇಕು. ಬಿಸಿ ಮಾಡಿದರೆ ಪೆಕ್ಟಿನ್ ಸರಪಳಿಯೇ ತುಂಡಾಗುತ್ತದೆ. ಅದ್ದಿದ ಮೇಲೆ ಮಿಕ್ಕ ಉಪ್ಪನ್ನು ನೀರಲ್ಲಿ ತೊಳೆದು ತೆಗೆಯಲೇಬೇಕು. ಮಾರುವ ಯೋಚನೆ ಇದ್ದರೆ ಮೈಸೂರಲ್ಲೇ ಆಹಾರ ತಂತ್ರಜ್ಞಾನದ ಕೇಂದ್ರೀಯ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಅಲ್ಲಿ ವಿಚಾರಿಸಿ.

ಹೂಟಗಳ್ಳಿ_ಹೊಸಬ:
ಮೇಟಗಳ್ಳಿಯವರೇ, ಆ ಫ್ರಿಡ್ಜ್‌ಗೆ ಥರ್ಮೋಸ್ಟಾಟ್ ಯಾವುದು ಹಾಕಿದ್ದೀರಿ? ಫ್ಯಾನ್ ಬಲ್ಬಿನ ಮೇಲೋ ಕೆಳಗೋ?

ಮೇಟಗಳ್ಳಿ_ಡ್ರೈಯರ್:
ಮೇಲೆ. ಫೋಟೋ ಹಾಕ್ತೀನಿ, ಇರಿ.