ಎರಡು ಗುಲಾಮ ಬಂದಾಗಲೆಲ್ಲ ಸೋಲುತ್ತಿದ್ದೇನೆ, ಎಲ್ಲಿ ತಪ್ಪುತ್ತಿದೆ?

ಕುಟ್ಟದ ಹುಡುಗ:
ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದುಕೊಂಡಿದೆ, ತೋಟಕ್ಕೆ ಇಳಿಯುವ ಹಾಗಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ ನೆಂಟರೊಬ್ಬರ ಮನೆ ಜಗಲಿಯಲ್ಲಿ ಒಂಬತ್ತು ಜನ ಸೇರಿ ಪೋಕರ್ ಟೂರ್ನಮೆಂಟ್ ಆಡುತ್ತೇವೆ. ದುಡ್ಡಿನ ಮಾತೇ ಇಲ್ಲ. ತಲೆಗೆ 10,000 ಚಿಪ್, 20 ನಿಮಿಷಕ್ಕೊಮ್ಮೆ ಬ್ಲೈಂಡ್ (ಪ್ರತಿ ಆಟದಲ್ಲೂ ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್, ಅದರಲ್ಲಿ ದೊಡ್ಡದು ಬಿಗ್ ಬ್ಲೈಂಡ್) ಏರುತ್ತದೆ. ಕೊನೆಗೆ ಉಳಿದ ಮೂವರಿಗೆ ಬಹುಮಾನ: ಕರಿಮೆಣಸು, ಕಾಫಿಪುಡಿ, ಜೇನು. ಮೂರೂ ಹೆಚ್ಚುಕಡಿಮೆ ಒಂದೇ ಬೆಲೆಯವು.

ನನ್ನ ಸಮಸ್ಯೆ ಗುಲಾಮನ ಜೋಡಿ. ಸಾಲಾಗಿ ಮೂರು ವಾರ ಅದರಿಂದಲೇ ಎದ್ದು ಬಂದಿದ್ದೇನೆ.

ಮೊದಲ ವಾರ ಬ್ಲೈಂಡ್ 100/200, ನನ್ನ ಹತ್ತಿರ 12,000. ನಾನು 500ಕ್ಕೆ ರೈಸ್ ಮಾಡಿದೆ, ಅಂದರೆ ಪಣ ಏರಿಸಿದೆ. ಬಟನ್‌ನಲ್ಲಿ, ಅಂದರೆ ಎಲೆ ಹಂಚುವವನ ಸೀಟಿನಲ್ಲಿ, ಇದ್ದ ಮಾವ 1,600 ಮಾಡಿದರು. ನಾನು ಹಿಂದೆಮುಂದೆ ನೋಡದೆ ಆಲ್-ಇನ್, ಇದ್ದದ್ದೆಲ್ಲ ಹಾಕಿದೆ. ಅವರ ಚಿಪ್ ನನಗಿಂತ ಜಾಸ್ತಿ ಇತ್ತು, ಕೈಯಲ್ಲಿ ಎರಡು ರಾಜ.

ಎರಡನೇ ವಾರ ಬ್ಲೈಂಡ್ 200/400, ನನ್ನ ಹತ್ತಿರ 9,000. ಕರೆಂಟ್ ಹೋಗಿತ್ತು. ಎಮರ್ಜೆನ್ಸಿ ಲೈಟಿನಲ್ಲಿ ಎಲೆ ಎತ್ತಿ ನೋಡಿದರೆ ಇಸ್ಪೀಟು ಗುಲಾಮ, ಆಟೀನು ಗುಲಾಮ. ಇಬ್ಬರೂ ಪಕ್ಕಕ್ಕೆ ಮುಖ ತಿರುಗಿಸಿಕೊಂಡು ಒಂದೇ ಕಣ್ಣಲ್ಲಿ ನನ್ನನ್ನು ನೋಡುತ್ತಿದ್ದರು. ಎಲ್ಲರಿಗಿಂತ ಮುಂಚೆ ಆಡಬೇಕಾದ ಮೊದಲ ಸೀಟಿನಿಂದ ಮಾವ 1,000 ಮಾಡಿದರು. ಹಿಂದಿನ ವಾರದ ಪೆಟ್ಟು ನೆನಪಿತ್ತು, ಸುಮ್ನೆ ಕಾಲ್ ಮಾಡಿದೆ, ಅಷ್ಟೇ ಹಾಕಿ ಒಳಗುಳಿದೆ. ಬಟನ್, ಬಿಗ್ ಬ್ಲೈಂಡ್ ಇಬ್ಬರೂ ಒಳಗೆ ಬಂದರು. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿ ಟೇಬಲ್ ಮೇಲೆ ಬಿಚ್ಚುವ ಮೊದಲ ಮೂರು ಎಲೆ: ರಾಣಿ, 8, 4. ಮಾವ 2,000 ಹಾಕಿದರು, ನಾನು ಕಾಲ್, ಉಳಿದವರು ಎಸೆದರು. ನಾಲ್ಕನೇ ಎಲೆ, ಟರ್ನ್‌ನಲ್ಲಿ 3. ನನ್ನ ಹತ್ತಿರ ಉಳಿದಿದ್ದ 6,000ಕ್ಕೂ ಸೇರಿಸಿ ಮಾವ ಮುಂದೆ ತಳ್ಳಿದರು. ಕಾಲ್ ಮಾಡಿದೆ. ಅವರ ಕೈಯಲ್ಲಿ ಎಕ್ಕ-ರಾಣಿ.

ಮೂರನೇ ವಾರ ಅದೇ ಬ್ಲೈಂಡಿನಲ್ಲಿ ನನ್ನ ಹತ್ತಿರ ಬರೀ 3,200. ಹೆದರಿಕೊಂಡು 400 ಮಾತ್ರ ಹಾಕಿ ಬಂದೆ. ಇನ್ನಿಬ್ಬರು ಬಂದರು. ಫ್ಲಾಪ್‌ನಲ್ಲಿ ಎಕ್ಕ. ಬಿಗ್ ಬ್ಲೈಂಡಿನವನು 800 ಹಾಕಿದ, ನಾನು ಎಸೆದೆ. ಅವನು ನಗುತ್ತಾ ಎಕ್ಕ-4 ತೋರಿಸಿದ. ಆಮೇಲೆ ಹತ್ತು ನಿಮಿಷದಲ್ಲಿ ನಾನು ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ.

ಗುಲಾಮ ಬಂದರೆ ಎಸೆದುಬಿಡಲಾ?

ಮಡಿಕೇರಿ ಮಂಜು:
ನಾನಾದರೆ ಕಣ್ಣು ಮುಚ್ಚಿ ಆಲ್-ಇನ್. ಹೇಗೂ ಸೋಲುವುದೇ, ಬೇಗ ಸೋತರೆ ಪಂದಿಕರಿ ಬಿಸಿ ಇರುವಾಗಲೇ ತಟ್ಟೆ ಹಿಡಿಯಬಹುದು.

ಬಾಳೆಲೆ ಬೆಳೆಗಾರ:
ಎಸೆಯಬೇಡ ಮಾರಾಯ. ಎರಡು ವಿಷಯ ಹೇಳು. ಒಂದು, ಆ ಮಾವ ಎಷ್ಟು ಸಲ ರೈಸ್ ಮಾಡುತ್ತಾರೆ? ಇನ್ನೊಂದು, ನೀನು 28 ಅನ್ನುವ ಎಲೆಯಾಟ ಆಡಿ ಬೆಳೆದವನಾ?

ಕುಟ್ಟದ ಹುಡುಗ:
ಮಾವ ಗಂಟೆಗೆ ಒಂದೋ ಎರಡೋ ಸಲ, ಅಷ್ಟೇ. ರೈಸ್ ಮೇಲೆ ರೈಸ್ ಮಾಡಿದ್ದು ಆವತ್ತು ಒಂದೇ ಸಲ. 28 ಹೌದು ಅಣ್ಣ, ಗಡಿ ದಾಟಿದರೆ ವಯನಾಡು, ಚಿಕ್ಕಂದಿನಿಂದ ಅದೇ ಆಟ. ಯಾಕೆ?

ಬಾಳೆಲೆ ಬೆಳೆಗಾರ:
ಅದೇ ನೋಡು. 28ರಲ್ಲಿ ಗುಲಾಮನೇ ದೊಡ್ಡವನು. ಅವನಿಗೆ 3 ಪಾಯಿಂಟ್, ಒಂಬತ್ತಕ್ಕೆ 2, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ರಾಜ ರಾಣಿಗೆ ಸೊನ್ನೆ. ಎರಡು ಗುಲಾಮ ಕಂಡ ಕೂಡಲೇ ನಿನ್ನ ಕೈಗೆ ಆ ಹಳೇ ಖುಷಿ ಬರುತ್ತದೆ. ನನಗೂ ವರ್ಷಗಟ್ಟಲೆ ಬಿಡಲಿಲ್ಲ. ಪೋಕರಿನಲ್ಲಿ ಅವನ ತಲೆ ಮೇಲೆ ಮೂವರು ಕೂತಿದ್ದಾರೆ. ಗುಲಾಮನ ಜೋಡಿ ಅಂದರೆ ಹೂಮಳೆ ಇದ್ದ ಹಾಗೆ. ಮಾರ್ಚಿನಲ್ಲಿ ಕಾಫಿ ಗಿಡ ಬೆಳ್ಳಗೆ ಹೂಬಿಟ್ಟಿತು ಅಂತ ಆಗಲೇ ಚೀಲ ಎಣಿಸುತ್ತೀಯಾ? ಹಾಗಂತ ಗಿಡ ಕಡಿಯುತ್ತೀಯಾ?

ಕುಶಾಲನಗರ ಲೆಕ್ಕ:
ಲೆಕ್ಕ ನಾನು ಹಾಕುತ್ತೇನೆ. ಕೈಯಲ್ಲಿ ಎರಡು ಗುಲಾಮ ಇದ್ದಾಗ ಫ್ಲಾಪ್‌ನಲ್ಲಿ ರಾಣಿ, ರಾಜ, ಎಕ್ಕ ಇವುಗಳಲ್ಲಿ ಒಂದಾದರೂ ಬೀಳುವುದು ನೂರರಲ್ಲಿ 57 ಸಲ. ರಾಣಿ ಜೋಡಿಗೆ ಇದೇ ಲೆಕ್ಕ 41. ಮೂರನೇ ಗುಲಾಮ ಫ್ಲಾಪ್‌ನಲ್ಲೇ ಸಿಗುವುದು ಸುಮಾರು 12 ಸಲ. ಅಂದರೆ ಅರ್ಧಕ್ಕಿಂತ ಜಾಸ್ತಿ ಸಲ ನೀವು ಬೆವರಬೇಕಾದ ಫ್ಲಾಪೇ ಬರುತ್ತದೆ. ಅದು ದುರದೃಷ್ಟ ಅಲ್ಲ, ಮಾಮೂಲು.

ಈಗ ಮಾವ. ದೊಡ್ಡ ಜೋಡಿ ಒಂದೊಂದೂ ಬರಲು 6 ದಾರಿ, ಮೂರಕ್ಕೆ ಸೇರಿ 18. ಎಕ್ಕ-ರಾಜ ಬರಲು 16 ದಾರಿ. ಅವರು ಇಷ್ಟರಲ್ಲಿ ಮಾತ್ರ ಆಲ್-ಇನ್‌ಗೆ ಬರುತ್ತಾರೆ ಅಂದುಕೊಳ್ಳಿ. ದೊಡ್ಡ ಜೋಡಿಯ ಎದುರು ನೀವು ಗೆಲ್ಲುವುದು ನೂರಕ್ಕೆ 19ರ ಹತ್ತಿರ, ಎಕ್ಕ-ರಾಜದ ಎದುರು 56ರ ಹತ್ತಿರ. ಒಟ್ಟಿಗೆ ಸೇರಿಸಿದರೆ ಸುಮಾರು 36. ಇದೇ ಜಾಗದಲ್ಲಿ ಎಕ್ಕ-ರಾಣಿ, ಹತ್ತರ ಜೋಡಿ, ಒಂಬತ್ತರ ಜೋಡಿಯಲ್ಲೂ ಬರುವವರಿದ್ದರೆ ಅದು 50ಕ್ಕೆ ಏರುತ್ತದೆ. ಎಲೆ ಅದೇ. ಎದುರಿಗೆ ಕೂತವರು ಬದಲಾದರು, ಅಷ್ಟೇ.

ಬಾಳೆಲೆ ಬೆಳೆಗಾರ:
ಆ 36 ನಿನ್ನ ಮೊದಲ ವಾರದ ಕಥೆ. ನಿನ್ನ ಹತ್ತಿರ 60 ಬಿಗ್ ಬ್ಲೈಂಡ್ ಇತ್ತು. ಗಂಟೆಗೊಮ್ಮೆ ಕೈ ಎತ್ತುವ ಮನುಷ್ಯ ನಿನ್ನ ಮೇಲೆ ರೈಸ್ ಮಾಡಿದ್ದಾನೆ. ಇನ್ನು 1,100 ಹಾಕಿ ಫ್ಲಾಪ್ ನೋಡಬೇಕಿತ್ತು. 12,000 ತಳ್ಳಿದರೆ ಸಣ್ಣ ಎಲೆಯವರೆಲ್ಲ ಎಸೆಯುತ್ತಾರೆ, ನಿನ್ನನ್ನು ಹೊಡೆಯುವವರು ಮಾತ್ರ ಉಳಿಯುತ್ತಾರೆ.

ಮೂರನೇ ವಾರ ಪೂರ್ತಿ ಉಲ್ಟಾ. 3,200 ಅಂದರೆ 8 ಬಿಗ್ ಬ್ಲೈಂಡ್. ಅಲ್ಲಿ ಯೋಚನೆಗೆ ಜಾಗವೇ ಇಲ್ಲ, ಫ್ಲಾಪಿಗೆ ಮುಂಚೆಯೇ ಎಲ್ಲ ಹಾಕಬೇಕು. ಎಕ್ಕ-4ರವನು ಎಸೆದಿದ್ದರೆ ಒಳ್ಳೆಯದು. ಬಂದಿದ್ದರೂ ನೂರರಲ್ಲಿ 70 ಸಲ ನೀನೇ ಗೆಲ್ಲುತ್ತಿದ್ದೆ. ನೀನು 400ಕ್ಕೆ ಅವನನ್ನು ಮನೆಯೊಳಗೆ ಕರೆದು ಕುರ್ಚಿ ಹಾಕಿದೆ.

ಎರಡನೇ ವಾರದ್ದೇ ನಿಜಕ್ಕೂ ಕಷ್ಟ. 22 ಬಿಗ್ ಬ್ಲೈಂಡ್ ಚಿಲ್ಲರೆ. ಬೇರೆ ಯಾರಾದರೂ ರೈಸ್ ಮಾಡಿದ್ದರೆ ನಾನು ಅಲ್ಲೇ ಆಲ್-ಇನ್. ಟೇಬಲ್ ಮೇಲೆ ಆಗಲೇ 1,600 ಬಿದ್ದಿದೆ, ಅರ್ಧ ಸಲ ಎಸೆದರೂ ಲಾಭ. ಈ ಮಾವನಿಗೆ, ಅದೂ ಮೊದಲ ಸೀಟಿನಿಂದ, ಕಾಲ್ ಮಾಡಿದ್ದು ತಪ್ಪು ಅನ್ನಲಾರೆ. ಫ್ಲಾಪ್‌ನಲ್ಲಿ 2,000 ಕೊಟ್ಟಿದ್ದೂ ಸರಿ. ರಾಣಿ ಬಿತ್ತು ಅಂತ ಒಂದೇ ಏಟಿಗೆ ಓಡಬಾರದು, ಹತ್ತರ ಜೋಡಿ ಇಟ್ಟುಕೊಂಡೂ ಜನ ಹಾಕುತ್ತಾರೆ. ಟರ್ನ್‌ನಲ್ಲಿ ತಪ್ಪಿದೆ. ನಾಲ್ಕು ಜನರ ಪಾಟ್‌ನಲ್ಲಿ ಎರಡನೇ ಸಲವೂ ಆ ಮನುಷ್ಯ ಕೈ ನಡುಗದೆ ತಳ್ಳಿದರೆ ನಿನ್ನ ಗುಲಾಮರು ಸತ್ತಿದ್ದಾರೆ. ಉಳಿದ 6,000ದಲ್ಲಿ 15 ಬಿಗ್ ಬ್ಲೈಂಡ್ ಇತ್ತು, ಇನ್ನೂ ಆಡಬಹುದಿತ್ತು.

ಇನ್ನು ಮೇಲೆ ಎಲೆ ಎತ್ತುವ ಮೊದಲು ನಿನ್ನ ಚಿಪ್ ಎಷ್ಟು ಬಿಗ್ ಬ್ಲೈಂಡ್ ಅಂತ ಎಣಿಸು. ಎತ್ತಿದ ಮೇಲೆ ಎಣಿಸಿದರೆ ಆ ಒಕ್ಕಣ್ಣರು ಲೆಕ್ಕ ಕೆಡಿಸುತ್ತಾರೆ.

ಮಡಿಕೇರಿ ಮಂಜು:
ನಾಲ್ಕು ಜನ ಉಳಿದು ಮೂವರಿಗೆ ಬಹುಮಾನ ಅಂದಾಗ? ಆಗಲೂ ಬರೀ ಬ್ಲೈಂಡ್ ಎಣಿಸಿದರೆ ಸಾಕಾ?

ಕುಶಾಲನಗರ ಲೆಕ್ಕ:
ಸಾಲದು. ಬಹುಮಾನ ಮೂರೂ ಒಂದೇ ಬೆಲೆ ಅಂದಿದ್ದಾರಲ್ಲ, ಅಲ್ಲಿ ಚಿಪ್ ಗುಡ್ಡೆ ಹಾಕಿ ಏನೂ ಸಿಗುವುದಿಲ್ಲ, ಉಳಿದರೆ ಸಾಕು. ಮೂಲೆಯಲ್ಲಿ ಒಬ್ಬ ಎರಡು ಬ್ಲೈಂಡ್ ಇಟ್ಟುಕೊಂಡು ಒದ್ದಾಡುತ್ತಿದ್ದರೆ, ದೊಡ್ಡ ರಾಶಿಯವರ ಆಲ್-ಇನ್‌ಗೆ ಗುಲಾಮನ ಜೋಡಿಯನ್ನೂ ಎಸೆಯಿರಿ.

ಕುಟ್ಟದ ಹುಡುಗ:
ಭಾನುವಾರದ ವರದಿ. ಗುಲಾಮ ಎರಡು ಸಲ ಬಂದರು!

ಮೊದಲ ಸಲ 18 ಬಿಗ್ ಬ್ಲೈಂಡ್ ಇತ್ತು, ಎಲೆ ಎತ್ತುವ ಮೊದಲೇ ಎಣಿಸಿದ್ದೆ. ಪಕ್ಕದ ಹುಡುಗ ರೈಸ್ ಮಾಡಿದ. ಅವನು ಮೂರು ಆಟಕ್ಕೊಮ್ಮೆ ರೈಸ್ ಮಾಡುವವನು. ಪೂರ್ತಿ ತಳ್ಳಿದೆ, ಅವನು ಗೊಣಗಿಕೊಂಡು ಎಸೆದ.

ಎರಡನೇ ಸಲ ನಾವು ನಾಲ್ಕೇ ಜನ. ಬ್ಲೈಂಡ್ 500/1,000. ಒಬ್ಬನ ಹತ್ತಿರ 2,500, ನನ್ನ ಹತ್ತಿರ 14,000. ಮಾವನ ಮುಂದೆ ಅರ್ಧ ಟೇಬಲ್ ತುಂಬುವಷ್ಟು. ಅವರು ಕನ್ನಡಕ ತೆಗೆದು ಪಂಚೆ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು, ಆಲ್-ಇನ್ ಅಂದರು. ನಾನು ಗುಲಾಮರನ್ನು ಮಗುಚಿ ಇಟ್ಟೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಎರಡು ಸುತ್ತು ಕಳೆಯುವಷ್ಟರಲ್ಲಿ ಆ 2,500ರವನು ಹೋದ. ನನಗೆ ಜೇನು ಸಿಕ್ಕಿತು.

ಮಾವ ಎಲೆ ತೋರಿಸಲಿಲ್ಲ. ಮನೆಗೆ ಹೊರಡುವಾಗ ಕೇಳಿದೆ. ಛತ್ರಿ ಬಿಡಿಸುತ್ತಾ, "ಮುಂದಿನ ವಾರ ಬಾ, ಹೇಳ್ತೇನೆ" ಅಂದರು.

ಬಾಳೆಲೆ ಬೆಳೆಗಾರ:
ಹೇಳುವುದಿಲ್ಲ ಬಿಡು.

ಮಡಿಕೇರಿ ಮಂಜು:
ಜೇನು ಕಾಡಿನದ್ದಾ, ಪೆಟ್ಟಿಗೆಯದ್ದಾ?