ಚರ್ಚೆ: ಗಂಗಾಮೂಲದ ಪಂಡಿತಾ ರಮಾಬಾಯಿ ನಮ್ಮವರಾ, ಅಲ್ಲವಾ?

ಘಟ್ಟದ ಕೆಳಗಿನವ:
ಹೋದ ವಾರ ಕಾರ್ಕಳದಿಂದ ಮಾಳ ದಾಟಿ ಕುದುರೆಮುಖದ ಕಡೆ ಹೋಗುವಾಗ ಬಸ್ಸಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಕಿಟಕಿಯಾಚೆ ಕೈತೋರಿಸಿ, "ಪಂಡಿತಾ ರಮಾಬಾಯಿ ಹುಟ್ಟಿದ್ದು ಅಲ್ಲೇ ಮೇಲೆ, ಗಂಗಾಮೂಲದಲ್ಲಿ" ಅಂದರು. ಗೊತ್ತಿದ್ದವನ ಹಾಗೆ ತಲೆಯಾಡಿಸಿದೆ. ಮನೆಗೆ ಬಂದು ಹುಡುಕಿ ಓದಿದ ಮೇಲೆ ನಾಚಿಕೆಯಾಯಿತು. 1858ರಲ್ಲಿ ಹುಟ್ಟಿದ ಹೆಣ್ಣುಮಗಳು. ಇಪ್ಪತ್ತರ ಹರೆಯಕ್ಕೆ ಕಲ್ಕತ್ತೆಯ ಪಂಡಿತರು ಸಂಸ್ಕೃತದಲ್ಲಿ ಪರೀಕ್ಷೆ ಮಾಡಿ 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟಿದ್ದಾರೆ. ವಿಧವೆಯರಿಗೆ ಶಾಲೆ ಕಟ್ಟಿದ್ದಾರೆ, ಬರಗಾಲದಲ್ಲಿ ಸಾವಿರಕ್ಕೂ ಮಿಕ್ಕಿ ಹೆಣ್ಣುಮಕ್ಕಳನ್ನು ಸಾಕಿದ್ದಾರೆ. ನಮಗೆ ಶಾಲೆಯಲ್ಲಿ ರಾಜಾರಾಮ್ ಮೋಹನ್ ರಾಯ್, ವಿದ್ಯಾಸಾಗರ ಎಲ್ಲ ಬಾಯಿಪಾಠ. ಇವರ ಹೆಸರು ಕೇಳಿದ ನೆನಪೇ ಇಲ್ಲ. ಕ್ರೈಸ್ತರಾದರು ಅಂತ ಬಿಟ್ಟದ್ದಾ?

ತುಂಗಾತೀರ:
ಬಿಟ್ಟದ್ದಕ್ಕೆ ಕಾರಣ ಇದೆ. 1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ ತಗೊಂಡರು, ಅದು ಅವರ ಸ್ವಂತ ವಿಷಯ, ಬಿಡಿ. ನನ್ನ ತಕರಾರು ಶಾರದಾ ಸದನದ್ದು, ಅವರು ಕಟ್ಟಿದ ಆ ವಿಧವೆಯರ ಶಾಲೆಯದ್ದು. 1889ರ ಮಾರ್ಚಿನಲ್ಲಿ ಮುಂಬೈಯಲ್ಲಿ ಅದನ್ನು ತೆರೆದಾಗ ಹೇಳಿದ್ದೇನು? ಇಲ್ಲಿ ಧರ್ಮಪ್ರಚಾರ ಇಲ್ಲ, ಬಾಲವಿಧವೆಯರು ತಮ್ಮ ಆಚಾರ ಉಳಿಸಿಕೊಂಡೇ ಓದಬಹುದು ಅಂತ. ಆ ಮಾತು ನಂಬಿ ರಾನಡೆ, ಭಂಡಾರ್ಕರ್ ಅಂಥ ಹಿಂದೂ ಸುಧಾರಕರು ಸಲಹಾ ಮಂಡಳಿಗೆ ಬಂದರು, ಜನ ಮನೆಯ ಹೆಣ್ಣುಮಕ್ಕಳನ್ನು ಕಳಿಸಿದರು. ಸದನ ಪುಣೆಗೆ ಬಂದ ಮೇಲೆ ಹುಡುಗಿಯರು ಪ್ರಾರ್ಥನೆಗೆ ಕೂರುತ್ತಿದ್ದಾರೆ ಅಂತ ಸುದ್ದಿಯಾಗಿ 1893ರಲ್ಲಿ ಮಂಡಳಿಯವರೇ ಕೈಬಿಟ್ಟರು. ತಿಲಕರ 'ಕೇಸರಿ' ಬೈದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದರ ಕೆಲಸವೇ ಅದು. ರಾನಡೆಯವರೂ ಸನಾತನಿಯೇನ್ರೀ?

ಪುಣೆ ಕನ್ನಡತಿ:
ಸರ್, ರಾನಡೆ ಹೊರಗೆ ಬಂದದ್ದು ನಿಜ. ಆದರೆ ಒಳಗೆ ನಡೀತಿದ್ದದ್ದು ಏನು ಅನ್ನೋದನ್ನೂ ಹೇಳಿ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುತ್ತಿದ್ದರು, ಬಾಗಿಲು ಹಾಕುತ್ತಿರಲಿಲ್ಲ. ಹುಡುಗಿಯರು ಬಂದು ಕೂತರೆ ಎಬ್ಬಿಸಿ ಕಳಿಸುತ್ತಿರಲಿಲ್ಲ. ಆ ಮನೆಯಲ್ಲಿ ಅಡುಗೆಗೆ ಬ್ರಾಹ್ಮಣರಿದ್ದರು, ಹುಡುಗಿಯರು ತಮ್ಮ ವ್ರತ, ಮಡಿ ಎಲ್ಲ ಮಾಡಿಕೊಳ್ಳಬಹುದಿತ್ತು, ಪುಸ್ತಕದ ಕಪಾಟಿನಲ್ಲಿ ಬೈಬಲ್ಲೂ ಇತ್ತು, ನಮ್ಮ ಧರ್ಮಗ್ರಂಥಗಳೂ ಇದ್ದವು. ಇದಕ್ಕಿಂತ ಹೆಚ್ಚಿನ ತಟಸ್ಥತೆ ಆ ಕಾಲದ ಯಾವ ಹಿಂದೂ ಶಾಲೆಯಲ್ಲಿ ಇತ್ತು ತೋರಿಸಿ. ಹಿಂದೂ ಶಾಲೆಯಲ್ಲಿ ವಿಧವೆಗೆ ಜಾಗವೇ ಇರಲಿಲ್ಲ, ಅದು ಬೇರೆ ಮಾತು.

ತುಂಗಾತೀರ:
ತೆರೆದ ಬಾಗಿಲು! ಅಕ್ಕ, ಹನ್ನೆರಡು ವರ್ಷದ ಹುಡುಗಿ, ತಲೆ ಬೋಳಿಸಿ ಮನೆಯಿಂದ ದೂಡಿಸಿಕೊಂಡು ಬಂದವಳು. ಜಗತ್ತಿನಲ್ಲಿ ಅವಳಿಗೆ ಅಂತ ಇರೋದು ಈ ಒಬ್ಬ ಹೆಂಗಸು. ಆ ಹೆಂಗಸು ಬಾಗಿಲು ತೆರೆದು ಮೊಣಕಾಲೂರಿದರೆ ಹುಡುಗಿ ಏನು ಮಾಡ್ತಾಳೆ? ಬಾ ಅಂತ ಕರೆಯೋದೇ ಬೇಡ. ಇನ್ನೂ ಒಂದು ಸಂಗತಿ. 1907ರಲ್ಲಿ ಬರೆದ ಆತ್ಮನಿವೇದನೆಯಲ್ಲಿ ಅವರೇ ಹೇಳಿದ್ದಾರೆ, ದೀಕ್ಷೆ ತಗೊಂಡಾಗ ಸಿಕ್ಕಿದ್ದು ಕ್ರೈಸ್ತಧರ್ಮ ಮಾತ್ರ, ಕ್ರಿಸ್ತ ಸಿಕ್ಕಿದ್ದು ಎಂಟು ವರ್ಷ ಆದಮೇಲೆ ಅಂತ. ಲೆಕ್ಕ ಹಾಕಿ. 1891. ಅಂದರೆ ಮಾತು ಕೊಟ್ಟಾಗಿನ ರಮಾಬಾಯಿ ಬೇರೆ, ಸದನ ನಡೆಸುವಾಗಿನ ರಮಾಬಾಯಿ ಬೇರೆ. ಮನಸ್ಸು ಬದಲಾದ ಮೇಲೆ ಮಂಡಳಿ ಮುಂದೆ ಬಂದು "ನನ್ನ ಹಳೇ ಮಾತು ಇನ್ನು ನಡೆಯಲ್ಲ" ಅನ್ನಬೇಕಿತ್ತು.

ಪುಣೆ ಕನ್ನಡತಿ:
ಎಂಟು ವರ್ಷದ ಮಾತು ಒಪ್ಪಿದೆ, ಅದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ. ಆದರೆ ಸದನಕ್ಕೆ ಬಂದ ಮೊದಲ ವಿಧವೆ ಗೋದೂಬಾಯಿ ಕ್ರೈಸ್ತಳಾಗಲಿಲ್ಲವಲ್ಲ. 1893ರಲ್ಲೇ, ನಿಮ್ಮ ಗಲಾಟೆ ನಡೆದ ಅದೇ ವರ್ಷ, ಧೊಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಆ ಕರ್ವೆ ಮುಂದೆ ವಿಧವಾಶ್ರಮ ಕಟ್ಟಿದರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಕಟ್ಟಿದರು, ಭಾರತರತ್ನ ಬಂತು. ಕರ್ವೆ ಎಲ್ಲರಿಗೂ ಬೇಕು. ಅವರ ಹೆಂಡತಿ ಅಕ್ಷರ ಕಲಿತ ಮನೆ ಯಾರಿಗೂ ಬೇಡ.

ಹಳೇ ಮೇಷ್ಟ್ರು:
ನೀವಿಬ್ಬರೂ ಪುಣೆಯಲ್ಲೇ ಸುತ್ತುತ್ತಿದ್ದೀರಿ. ಪ್ರಶ್ನೆ ಕೇಳಿದ ಹುಡುಗ ಹೊರಟದ್ದು ಮಾಳದಿಂದ. ಸ್ವಲ್ಪ ಅಲ್ಲಿಗೆ ಬನ್ನಿ.

ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆ ಮಾಳ ಹೇರಂಜೆಯ ಚಿತ್ಪಾವನರು. ಪುಣೆಯಲ್ಲಿ ಓದುವಾಗ ಗುರುಗಳು ಪೇಶ್ವೆಯ ರಾಣಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡು, ನನ್ನ ಹೆಂಡತಿಗೂ ಕಲಿಸುತ್ತೇನೆ ಅಂತ ಊರಿಗೆ ಬಂದರು. ಮನೆಯವರು ಬಿಡಲಿಲ್ಲ, ಹೆಂಡತಿಗೂ ಮನಸ್ಸಿರಲಿಲ್ಲ. ಆಕೆ ತೀರಿಕೊಂಡ ಮೇಲೆ ಎರಡನೆಯವಳಾಗಿ ಬಂದವಳು ಲಕ್ಷ್ಮೀಬಾಯಿ. ಆಕೆಗೆ ಕಲಿಸಿದರು. ಊರು ತಿರುಗಿಬಿತ್ತು. ವಿಚಾರಣೆ ಎಲ್ಲಿ ನಡೆಯಿತು ಗೊತ್ತೇ? ನಮ್ಮ ಉಡುಪಿಯಲ್ಲಿ. ಪಂಡಿತರ ಸಭೆಯ ಎದುರು ನಿಂತು, ಹೆಂಗಸರು ಸಂಸ್ಕೃತ ಕಲಿಯಬಾರದು ಅಂತ ಎಲ್ಲಿ ಹೇಳಿದೆ ತೋರಿಸಿ ಅಂತ ಶಾಸ್ತ್ರದಿಂದಲೇ ವಾದ ಮಾಡಿದರು. ವೇದ ಬಿಟ್ಟು ಕಾವ್ಯ, ಪುರಾಣ ಕಲಿಸಬಹುದು ಅನ್ನುವುದು ಅವರ ಪಕ್ಷ. ಬಹಿಷ್ಕಾರ ಹಾಕಲಿಲ್ಲ. ಆದರೂ ಊರ ಸಹವಾಸ ಬೇಡವೆಂದು ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು.

ಮಗಳಿಗೆ ಪಾಠ ಹೇಳಿದ್ದು ತಾಯಿ. ಹಗಲೆಲ್ಲ ಮನೆಗೆಲಸ, ಶಿಷ್ಯರ ಊಟ, ಬಿಡುವಿಲ್ಲ. ಅದಕ್ಕೆ ಬೆಳಕು ಹರಿಯುವ ಮುಂಚೆ ಮಲಗಿದ ಮಗುವನ್ನು ಎತ್ತಿಕೊಂಡು ಮುದ್ದು ಮಾಡಿ ಎಬ್ಬಿಸಿ, ಹಕ್ಕಿಗಳು ಕೂಗುವ ಹೊತ್ತಿಗೆ ಪಾಠ ಒಪ್ಪಿಸಿಕೊಳ್ಳುತ್ತಿದ್ದಳಂತೆ. ಪುಸ್ತಕ ಇಲ್ಲ, ಬಾಯಿಂದ ಬಾಯಿಗೆ. ಹೀಗೆ ಕಂಠಸ್ಥವಾದದ್ದರಲ್ಲಿ ಭಾಗವತದ 18,000 ಶ್ಲೋಕಗಳೂ ಸೇರಿವೆ. ಮೂವತ್ತೈದು ವರ್ಷ ಪಾಠ ಹೇಳಿದವನು ನಾನು. ಇಂಥ ತರಗತಿ ಒಂದನ್ನೂ ತೆಗೆದುಕೊಂಡಿಲ್ಲ.

ಮೊಮ್ಮಗಳು:
ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ, ಆದರೆ ಒಂದು ಬಿಟ್ಟಿರಿ. ಲಕ್ಷ್ಮೀಬಾಯಿ ಮದುವೆಯಾದಾಗ ಒಂಬತ್ತು ವರ್ಷ, ಶಾಸ್ತ್ರಿಗಳಿಗೆ ನಲವತ್ತು ದಾಟಿತ್ತು. ಯಾತ್ರೆಗೆ ಹೋದಾಗ ಗೋದಾವರಿ ಸ್ನಾನಘಟ್ಟದಲ್ಲಿ ಒಬ್ಬ ಗೃಹಸ್ಥರು ಸಿಕ್ಕಿದರು, ಕುಲಗೋತ್ರ ಕೇಳಿದರು, ಮಗಳನ್ನು ಕೊಟ್ಟರು. ಮರುದಿನ ಮದುವೆ, ಅಪ್ಪ ಯಾತ್ರೆ ಮುಂದುವರಿಸಿದರು, ಹುಡುಗಿ ಗುರುತಿಲ್ಲದ ಗಂಡಸಿನ ಹಿಂದೆ ಸುಮಾರು ಒಂಬೈನೂರು ಮೈಲಿ ದೂರದ ಊರಿಗೆ. ಈ ಕಥೆಯನ್ನು ರಮಾಬಾಯಿಯೇ 1887ರಲ್ಲಿ ಅಮೆರಿಕದಲ್ಲಿ ಅಚ್ಚು ಹಾಕಿಸಿದ 'ದಿ ಹೈ ಕಾಸ್ಟ್ ಹಿಂದೂ ವುಮನ್' ಪುಸ್ತಕದಲ್ಲಿ ಬರೆದಿದ್ದಾರೆ. ಪುಸ್ತಕವನ್ನು ಅರ್ಪಿಸಿದ್ದೂ ಆ ತಾಯಿಗೇ. ಅಪ್ಪ ದೊಡ್ಡವರು, ನಿಜ. ಒಂಬತ್ತರ ಹುಡುಗಿಯನ್ನು ಕಟ್ಟಿಕೊಂಡದ್ದೂ ನಿಜ.

ಹಳೇ ಮೇಷ್ಟ್ರು:
ಹೌದಮ್ಮ, ಬಿಟ್ಟೆ. ಬೇಕೆಂದೇ ಬಿಟ್ಟೆನೋ ಏನೋ. ದೊಡ್ಡ ಮಗಳಿಗೂ ಎಳವೆಯಲ್ಲೇ ಮದುವೆ ಮಾಡಿದರು, ಅದು ನೆಟ್ಟಗಾಗಲಿಲ್ಲ. ಆ ಪೆಟ್ಟು ತಿಂದ ಮೇಲೆ ಕಿರಿಯವಳ ಮದುವೆ ಗೊಡವೆಗೆ ಹೋಗಲಿಲ್ಲ.

ತುಂಗಾತೀರ:
ಅಮೆರಿಕದ ಪುಸ್ತಕದ ಮಾತು ಬಂತಲ್ಲ, ಅದನ್ನೂ ಕೇಳೋಣ. ಪರದೇಶದಲ್ಲಿ ನಿಂತು ನಮ್ಮ ಮನೆಯ ಕೊಳೆ ಹರವಿ ಚಂದಾ ಎತ್ತಿದರು. ಬಾಸ್ಟನ್ನಿನಲ್ಲಿ ಅವರ ಹೆಸರಿನ ಸಂಘ ಹತ್ತು ವರ್ಷ ದುಡ್ಡು ಕೊಡುತ್ತೇವೆ ಅಂತ ಒಪ್ಪಿತು. ವಿವೇಕಾನಂದರು ಅಲ್ಲಿಗೆ ಹೋದಾಗ ಬ್ರೂಕ್ಲಿನ್ನಿನ ರಮಾಬಾಯಿ ಸರ್ಕಲ್‌ನವರು ಅವರ ಮೇಲೆ ಬಿದ್ದರು. ವಿಧವೆಯರ ಕಷ್ಟ ಇತ್ತು, ಇಲ್ಲ ಅನ್ನಲ್ಲ. ಆದರೆ ಅದನ್ನು ಯಾರ ಮುಂದೆ ಹೇಳಬೇಕು ಅಂತ ಒಂದು ಇರುತ್ತಲ್ಲ.

ಮೊಮ್ಮಗಳು:
ಯಾರ ಮುಂದೆ ಹೇಳಬೇಕಿತ್ತು ಸರ್?

ನಮ್ಮಜ್ಜಿ ಹೇಳುತ್ತಿದ್ದದ್ದು ಹೇಳ್ತೀನಿ. ಅವರ ಸೋದರತ್ತೆ ಹದಿನಾಲ್ಕಕ್ಕೆ ಗಂಡನನ್ನು ಕಳೆದುಕೊಂಡವರು. ಕೆಂಪು ಸೀರೆ, ಬೋಳುತಲೆ, ಒಪ್ಪೊತ್ತು ಊಟ. ಹದಿನೈದು ದಿನಕ್ಕೊಮ್ಮೆ ಕ್ಷೌರದವನು ಹಿತ್ತಲ ಬಾಗಿಲಿಂದ ಬರುತ್ತಿದ್ದ. ಎಂಟು ವರ್ಷದ ಅಜ್ಜಿ ಚೊಂಬಲ್ಲಿ ನೀರು ಹಿಡಿದು ಬಾವಿಕಟ್ಟೆ ಹತ್ತಿರ ನಿಲ್ಲಬೇಕು. ಅತ್ತೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರಂತೆ. ಒಂದು ಸಲ ಕಿವಿಯ ಹಿಂದೆ ಗಾಯವಾಗಿ ರಕ್ತ ಬಂತು. ಅಜ್ಜಿ ಕೂಗಿಕೊಂಡರೆ ಅತ್ತೆ "ಶ್, ಒಳಗೆ ಗಂಡಸರು ಊಟಕ್ಕೆ ಕೂತಿದ್ದಾರೆ" ಅಂದರಂತೆ. ಅದೇ ಮನೆಯಲ್ಲಿ ಮದುವೆ ದಿಬ್ಬಣ ಹೊರಡುವಾಗ ಅವರನ್ನು ಉಗ್ರಾಣದಲ್ಲಿ ಕೂರಿಸಿ ಚಿಲಕ ಹಾಕುತ್ತಿದ್ದರು. ದಿಬ್ಬಣಕ್ಕೆ ಒಬ್ಬಟ್ಟು ಮಾಡಿದ್ದು ಮಾತ್ರ ಅವರೇ.

ಪುಣೆ ಕನ್ನಡತಿ:
ಓದಿ ಸುಮ್ಮನೆ ಕೂತೆ ಅಕ್ಕ.

ದುಡ್ಡಿನ ವಿಷಯ ಮಾತ್ರ ಹೇಳಿಬಿಡ್ತೀನಿ. ಬಿಳಿಯರ ಮುಂದೆ ಕೈಕಟ್ಟಿ ನಿಂತ ಹೆಂಗಸಲ್ಲ ಅವರು. ವಾಂಟೇಜಿನ ಮಠದಲ್ಲಿ ಮೊಟ್ಟೆ ಹಾಕಿದ ಪುಡ್ಡಿಂಗ್ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಸಿಸ್ಟರ್ ಜೆರಾಲ್ಡೀನ್ ಜೊತೆ ಕಾಗದದಲ್ಲಿ ಜಗಳ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿತ್ವದ ಸಿದ್ಧಾಂತ ಒಪ್ಪದೆ ಬಿಷಪ್ಪರಿಗೆ ತಲೆನೋವಾದರು. ನಮ್ಮ ಪುರೋಹಿತರ ನೊಗದಿಂದ ಕಷ್ಟಪಟ್ಟು ಬಿಡಿಸಿಕೊಂಡಿದ್ದೇನೆ, ಈಗ ಇನ್ನೊಂದು ನೊಗಕ್ಕೆ ಹೆಗಲು ಕೊಡಲ್ಲ ಅನ್ನುವ ಅರ್ಥದಲ್ಲಿ ಬರೆದರು. 1897ರ ಪ್ಲೇಗಿನಲ್ಲಿ ಪುಣೆಯ ಸರ್ಕಾರಿ ವ್ಯವಸ್ಥೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಇಲ್ಲ ಅಂತ ಪತ್ರಿಕೆಗೆ ಬರೆದದ್ದಕ್ಕೆ ಬ್ರಿಟಿಷ್ ಸಂಸತ್ತಿನವರೆಗೂ ಗದ್ದಲ ಹೋಯಿತು. ಅಂದರೆ ಅಲ್ಲಿಯವರ ಕೊಳೆಯನ್ನೂ ಅವರು ಹರವಿದ್ದಾರೆ ಸರ್, ನಮ್ಮದನ್ನಷ್ಟೇ ಅಲ್ಲ.

ತುಂಗಾತೀರ:
1919ರಲ್ಲಿ ಅದೇ ಬ್ರಿಟಿಷ್ ಸರ್ಕಾರದ ಕೈಸರ್-ಇ-ಹಿಂದ್ ಪದಕವೂ ಬಂತು, ಅದನ್ನೂ ಸೇರಿಸಿ.

ಪುಣೆ ಕನ್ನಡತಿ:
ಬಂತು. ಸೇರಿಸಿದೆ.

ಕಲಬುರಗಿ ಬಿಸಲ:
ಏನ್ರೀ ಮಂದಿ, ಮಾಳ, ಉಡುಪಿ, ಪುಣೆ ಅಂತ ಜಗ್ಗಾಡಾಕತ್ತೀರಿ, ನಮ್ಮ ಕಲಬುರಗಿ ಮರತ್ರೇನು? 1912ರಾಗ ನಿಜಾಮನ ರಾಜ್ಯದೊಳಗಿದ್ದ ಗುಲ್ಬರ್ಗಾದಾಗ ಹೆಣ್ಮಕ್ಕಳ ಸಾಲಿ ತಗದಾರ ಇವರು. ಮಗಳು ಮನೋರಮಾ ಮುಂದ ನಿಂತಿದ್ಲು, ತಾಯಿ ಬೆನ್ನಿಗಿದ್ಲು. ಆವಾಗ ನಮ್ಮ ಕಡೆ ಹೆಣ್ಮಕ್ಕಳಿಗೆ ಸಾಲಿ ಅಂದ್ರ ಮಂದಿ ನಗ್ತಿದ್ರು. ಮತಾಂತರ ಮಾಡಿದ್ರೋ ಇಲ್ಲೋ ಅದು ನೀವು ದೊಡ್ಡ ಮಂದಿ ಬಗೀಹರಿಸ್ರಿ. ಪಾಟಿ ಹಿಡಿಸಿದ್ರಲ್ಲ, ಅದೂ ಲೆಕ್ಕಕ್ಕ ಬರಬೇಕು.

ಘಟ್ಟದ ಕೆಳಗಿನವ:
ಇದು ಗೊತ್ತೇ ಇರಲಿಲ್ಲ! ಆದರೆ ಒಂದು ಅನುಮಾನ. ಅವರ ಮನೆಮಾತು ಮರಾಠಿ, ಕೆಲಸ ಮಾಡಿದ್ದು ಪುಣೆ, ಅದರ ಹತ್ತಿರದ ಕೇಡಗಾಂವ್. ಗಂಗಾಮೂಲದಲ್ಲಿ ಎಷ್ಟು ವರ್ಷ ಇದ್ದರು? ನಮ್ಮವರು ಅಂತ ಎದೆ ತಟ್ಟಿಕೊಂಡರೆ ನಗೆಪಾಟಲಾಗಲ್ವಾ?

ಹಳೇ ಮೇಷ್ಟ್ರು:
ಎಷ್ಟು ವರ್ಷವೂ ಇಲ್ಲ ಮಾರಾಯ, ಆರು ತಿಂಗಳು. ಸಾಲ ತಲೆಗೆ ಬಂದು ಶಾಸ್ತ್ರಿಗಳು ಯಾತ್ರೆಗೆ ಹೊರಟರು. ಕೂಸನ್ನು ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿದರಂತೆ. ಆಮೇಲೆ ಊರೂರು ಪುರಾಣ ಹೇಳುತ್ತ ಅಲೆದಾಟ. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ಉಳಿದ ಅಣ್ಣ ತಂಗಿ ಕಾಲ್ನಡಿಗೆಯಲ್ಲೇ ಕಲ್ಕತ್ತೆ ಸೇರಿದರು. ಕನ್ನಡ ಆಕೆಗೆ ಬರುತ್ತಿತ್ತು. ಹಿಂದೂಸ್ತಾನಿ, ಬಂಗಾಳಿ ಕಲಿತ ಹಾಗೆಯೇ, ತಿರುಗಾಡುತ್ತ ಕಲಿತದ್ದು. ಮನೆಯ ಭಾಷೆಯಲ್ಲ, ದಾರಿಯ ಭಾಷೆ. ಇಷ್ಟರ ಮೇಲೆ 'ನಮ್ಮವರು' ಅನ್ನುವುದು ಬಿಡುವುದು ನಿನಗೆ ಸೇರಿದ್ದು. ಆದರೆ ಉಡುಪಿಯ ಆ ಸಭೆ ಮಾತ್ರ ನಮ್ಮದೇ. ಅಲ್ಲಿ ಅಪ್ಪ ಸೋತಿದ್ದರೆ ಮುಂದಿನ ಯಾವ ಕಥೆಯೂ ಇಲ್ಲ.

ತುಂಗಾತೀರ:
ಉಡುಪಿ ಸಭೆಯ ವಿಷಯ ನಾನು ಇವತ್ತೇ ಓದಿದ್ದು, ಮೇಷ್ಟ್ರಿಗೆ ನಮಸ್ಕಾರ. ಹಾಗಾದರೆ ನನ್ನ ಮಾತಿಗೇ ಬಲ ಬಂತು ನೋಡಿ. ಒಳಗಿದ್ದುಕೊಂಡೇ, ಶಾಸ್ತ್ರ ಹಿಡಿದೇ ಅಪ್ಪ ಗೆದ್ದರು. ಮಗಳೂ ಹಾಗೇ ಗೆಲ್ಲಬಹುದಿತ್ತು.

ಮೊಮ್ಮಗಳು:
ಅಪ್ಪ ಗೆದ್ದ ಮೇಲೆ ಕಾಡಿಗೆ ಹೋಗಬೇಕಾಯಿತಲ್ಲ ಸರ್.

ತುಂಗಾತೀರ:
ಹ್ಮ್. ಅದು ಸರಿ.
ಆದರೂ ಕೇಡಗಾಂವ್ ಬಗ್ಗೆ ನಾನು ಬದಲಾಗಲ್ಲ. 1897ರಲ್ಲಿ ಮಧ್ಯಪ್ರಾಂತ್ಯದ ಬರಗಾಲ, 1900ರಲ್ಲಿ ಗುಜರಾತಿನದು. ಹಸಿದು ಬಂದವರು. ಅಲ್ಲಿ ಅವರು ನಡೆಸಿದ ಆಶ್ರಯಧಾಮ ಮುಕ್ತಿ ಸದನದಲ್ಲಿ ಗಂಜಿಯ ಜೊತೆ ಬೈಬಲ್ಲೂ ಬಂತು. ಹಸಿದವರ ಒಪ್ಪಿಗೆಗೆ ಒಪ್ಪಿಗೆ ಅನ್ನಬಾರದು.

ಪುಣೆ ಕನ್ನಡತಿ:
ಆ ಕೊನೆಯ ಮಾತಿಗೆ ನನ್ನದೂ ಅರ್ಧ ಒಪ್ಪಿಗೆ. ಆದರೆ ಬರದಲ್ಲಿ ಬಿದ್ದ ಹುಡುಗಿಯರನ್ನು ಹುಡುಕಿಕೊಂಡು ಇನ್ನೊಂದು ಗುಂಪೂ ಓಡಾಡುತ್ತಿತ್ತು, ಸೂಳೆಗೇರಿಗಳಿಗೆ ಸಾಗಿಸುವ ದಳ್ಳಾಳಿಗಳು. ರಮಾಬಾಯಿ ಎತ್ತಿನಗಾಡಿ, ರೈಲು ಅಂತ ಹೋಗಿ ಕರಕೊಂಡು ಬಂದದ್ದು ಅವರ ಕೈಯಿಂದ ತಪ್ಪಿಸಿ. ಬಂದವರು ನೇಯ್ಗೆ ಕಲಿತರು, ಎಣ್ಣೆಗಾಣ ನಡೆಸಿದರು, ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದರು. ರಮಾಬಾಯಿ ಹೀಬ್ರೂ, ಗ್ರೀಕ್ ಕಲಿತು ಮರಾಠಿಗೆ ತಂದ ಬೈಬಲ್ ಆ ಹುಡುಗಿಯರ ಕೈಯಿಂದಲೇ ಅಚ್ಚಾಯಿತು. 1921ರಲ್ಲಿ ಮಗಳು ಮನೋರಮಾ ಹೋದಳು, ಮರುವರ್ಷ ಏಪ್ರಿಲ್ 5ಕ್ಕೆ ತಾಯಿ.

ಘಟ್ಟದ ಕೆಳಗಿನವ:
ಎಲ್ಲರಿಗೂ ಧನ್ಯವಾದ. ಬಸ್ಸಿನ ಹಿರಿಯರ ಫೋನ್ ನಂಬರ್ ತಗೊಳ್ಳಬೇಕಿತ್ತು, ತಪ್ಪಿಹೋಯಿತು. ಕಲಬುರಗಿಯವರೇ, ಆ ಶಾಲೆ ಎಲ್ಲಿತ್ತು ಅಂತ ನಿಮಗೆ ಗೊತ್ತಾ?

ಕಲಬುರಗಿ ಬಿಸಲ:
ಜಾಗಾ ನನಗ ನೆಟ್ಟಗ ಗೊತ್ತಿಲ್ರಿ. ನಮ್ಮ ಕಾಕಾಗ ಹಳೇ ಊರಿನ ಗಲ್ಲಿ ಗಲ್ಲಿ ಗೊತ್ತದ. ಹೊಲಕ್ಕ ಹೋಗ್ಯಾನ, ಸೋಮವಾರ ಬರ್ತಾನ. ಕೇಳಿ ಹಾಕ್ತೀನಿ.